ಬಯಲಿನ ಮತ, ಬೆಟ್ಟದ ಹೊಳೆ
(ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. 2019ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 25 ಬಿಜೆಪಿಯ ಪಾಲಾದವು; ಕಾಂಗ್ರೆಸ್ಸಿಗೆ ದಕ್ಕಿದ್ದು ಬೆಂಗಳೂರು ಗ್ರಾಮಾಂತರ ಒಂದೇ. ಆದರೆ ಅದೇ ಹೆಸರಿನ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಅದಕ್ಕೆ ಸೇರಿಲ್ಲ. ಅದು ಕನಕಪುರ, ಮಾಗಡಿ, ಆನೇಕಲ್, ಕುಣಿಗಲ್ ಕಡೆಯ ಕ್ಷೇತ್ರ. ಪುನರ್ವಿಂಗಡಣೆಯಾದ ಮೇಲೆ, 2009ರಿಂದ, ಈ ನಾಲ್ಕೂ ಕಡೆಯ ಮತಗಳು ಚಿಕ್ಕಬಳ್ಳಾಪುರದ ಲೆಕ್ಕಕ್ಕೆ ಸೇರುತ್ತವೆ. 2025ರಲ್ಲಿ ಸಚಿವ ಸಂಪುಟವು ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ತೀರ್ಮಾನಿಸಿತು. ಆ ಹೆಸರಿನ ಲೋಕಸಭಾ ಕ್ಷೇತ್ರವೂ ಬೇರೆಯೇ ಇದೆ!

ಮಲೆನಾಡಿನ ನಮಗೆ ಈ ಲೆಕ್ಕವೇಕೆ ಎಂದು ನೀವು ಕೇಳಬಹುದು. ಅಲ್ಲಿನ ಚುನಾವಣೆಯ ಮಾತು ನಮ್ಮ ಹೊಳೆಗಳ ತನಕ ಬಂದಿದೆ.

2009ರಲ್ಲಿ ಆ ಕ್ಷೇತ್ರದಿಂದ ಎಂ. ವೀರಪ್ಪ ಮೊಯಿಲಿ ಗೆದ್ದರು. ಅಲ್ಲಿಯದು ವರ್ಷವಿಡೀ ಹರಿಯುವ ನದಿಯಿಲ್ಲದ ಬಯಲುಸೀಮೆ; ಕೆರೆಗಳು ಬತ್ತಿ, ಕೊಳವೆಬಾವಿಗಳು ಪಾತಾಳಕ್ಕಿಳಿದಿದ್ದವು. ನೀರು ಬೇಕೆಂಬ ಅವರ ಕೂಗು ನ್ಯಾಯವಾದದ್ದು. ಇದನ್ನು ಒಪ್ಪದೆ ಮಾತು ಮುಂದುವರಿಸುವುದು ನನ್ನಿಂದಾಗದು. ಆ ಕೂಗಿಗೆ ಉತ್ತರವಾಗಿ ಎತ್ತಿನಹೊಳೆ ಯೋಜನೆ ಬಂತು. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ ಮಳೆಗಾಲದಲ್ಲಿ 24.01 ಟಿಎಂಸಿ ನೀರೆತ್ತುವ ಲೆಕ್ಕ ಅದು. ಇವೆಲ್ಲ ನೇತ್ರಾವತಿಗೆ ಸೇರಬೇಕಾದ ನೀರು. 2014ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ನಡೆಯಿತು. ಏಪ್ರಿಲ್ 17ರಂದು ಮತದಾನ. ಅಡಿಗಲ್ಲಿನ ಗಾರೆ ಆರುವ ಮೊದಲೇ ಮತ ಕೇಳಿದರು ಎನ್ನಬೇಕು. ಮೊಯಿಲಿಯವರು ಬಿ.ಎನ್. ಬಚ್ಚೇಗೌಡರ ಎದುರು 9,520 ಮತಗಳಿಂದ ಗೆದ್ದರು. ಹೆಚ್.ಡಿ. ಕುಮಾರಸ್ವಾಮಿ ಮೂರನೆಯವರಾದರು.

ಐದು ವರ್ಷಗಳ ಬಳಿಕವೂ ನೀರು ಬಂದಿರಲಿಲ್ಲ. 2019ರಲ್ಲಿ ಅದೇ ಬಚ್ಚೇಗೌಡರು ಅದೇ ಮೊಯಿಲಿಯವರನ್ನು 1,82,110 ಮತಗಳಿಂದ ಸೋಲಿಸಿದರು. ಜೆಡಿಎಸ್‌ನ ಬೆಂಬಲವೂ ಮೊಯಿಲಿಯವರನ್ನು ಉಳಿಸಲಿಲ್ಲ. ಇದಕ್ಕೆ ಬಾರದ ನೀರೊಂದೇ ಕಾರಣವೆಂದರೆ ತಪ್ಪಾದೀತು. ಆ ವರ್ಷದ ಗಾಳಿ ರಾಜ್ಯದುದ್ದಕ್ಕೂ ಒಂದೇ ದಿಕ್ಕಿಗೆ ಬೀಸಿತ್ತು. 2024ರಲ್ಲಿ ಡಾ. ಕೆ. ಸುಧಾಕರ್ ಅವರೂ ಬಿಜೆಪಿಯಿಂದಲೇ 1,63,460 ಮತಗಳ ಅಂತರದಲ್ಲಿ ಗೆದ್ದರು.

ಈ ಅಂಕಿಗಳಲ್ಲಿ ಕಾಣಿಸದವರು ಎರಡು ಬಗೆಯವರು. ಒಬ್ಬರು ಹೊಳೆಯ ದಂಡೆಯಲ್ಲಿರುವವರು: ಸಕಲೇಶಪುರದವರ ಮತ ಹಾಸನ ಕ್ಷೇತ್ರಕ್ಕೆ, ನೇತ್ರಾವತಿಯ ಕೆಳದಂಡೆಯವರದು ದಕ್ಷಿಣ ಕನ್ನಡಕ್ಕೆ. ತಮ್ಮ ನೀರನ್ನು ಯಾರಿಗೆ ಮಾತುಕೊಟ್ಟರೋ ಆ ಚುನಾವಣೆಯಲ್ಲಿ ಇವರಿಗೆ ಮತವೇ ಇರಲಿಲ್ಲ. ಇನ್ನೊಬ್ಬರು ನೀರು ಕೇಳಿದವರ ನಡುವಿನವರೇ. ನೀರು ಶೇಖರಿಸಲು ಯೋಜಿಸಿದ ಭೈರಗೊಂಡ್ಲು ಜಲಾಶಯಕ್ಕಾಗಿ ಕೊರಟಗೆರೆಯ ಹಳ್ಳಿಗಳ ಜೊತೆಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳೂ ಮುಳುಗಡೆಯ ಭೀತಿಗೆ ಒಳಗಾದವು. ನೀರಿಗೆಂದು ಮತ ಹಾಕಿದ ರೈತ ಹೊಲಕ್ಕೆ ಪರಿಹಾರ ಕೇಳುತ್ತಾ ಧರಣಿ ಕೂರಬೇಕಾಯಿತು.

ಮೊದಲ ಹಂತದ ಉದ್ಘಾಟನೆ ನಡೆದದ್ದು 2024ರ ಸೆಪ್ಟೆಂಬರ್ 6ರಂದು, ಸಕಲೇಶಪುರ ತಾಲ್ಲೂಕಿನಲ್ಲಿ. ಮುಂದಿನ ಕಾಲುವೆ ಸಿದ್ಧವಿಲ್ಲದ್ದರಿಂದ ಎತ್ತಿದ ನೀರನ್ನು ತಾತ್ಕಾಲಿಕವಾಗಿ ವಾಣಿವಿಲಾಸ ಸಾಗರದ ಕಡೆಗೆ ಬಿಟ್ಟರು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳ ಮೂಲಕ ಇಳಿಯುವ ಅರ್ಕಾವತಿ ಒಂದು ಕಾಲದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೇ ನೀರು ಕೊಟ್ಟ ನದಿ. ಆಕೆಯ ಕೆರೆಗಳ ಹೂಳು, ರಾಜಕಾಲುವೆಗಳ ಒತ್ತುವರಿ, ಕಾರ್ಖಾನೆಯ ಕೊಳೆನೀರು ಇವುಗಳ ಬಗ್ಗೆ ಅಲ್ಲಿನ ಹಳ್ಳಿಯವರನ್ನೇ ಕೇಳಿ ಬರಲು ಮುಂದಿನ ತಿಂಗಳು ನಾವು ಕೆಲವರು ಹೊರಟಿದ್ದೇವೆ. ವಿದ್ಯಾರ್ಥಿಗಳು ಜೊತೆಗೆ ಬರಬಹುದು.