ಹಿಮ್ಮಡಿಯ ಅಗಲ ಮತ್ತು ನಡಿಗೆಯ ಸ್ಥಿರತೆ



ಹೈಹೀಲ್ಡ್ ಚಪ್ಪಲಿ ಧರಿಸಿ ನಡೆಯುವಾಗ ಕಾಲು ಉಳುಕಿದರೆ ನಾವು ಅದರ ಎತ್ತರವನ್ನು ದೂರುತ್ತೇವೆ. ಹಿಮ್ಮಡಿಯ ಅಗಲವೂ ಅಷ್ಟೇ ಮುಖ್ಯ. ಅದು ಹೇಗೆಂಬುದನ್ನು ಈಗ ನೋಡೋಣ.

ಒಂದು ಹಲಗೆಯ ಮೇಲೆ ಸೀಮೆಸುಣ್ಣದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ. ಪಕ್ಕದಲ್ಲಿ ಅಷ್ಟೇ ಎತ್ತರದ ಲೋಟವನ್ನಿಡಿ. ಹಲಗೆಯನ್ನು ನಿಧಾನವಾಗಿ ಓರೆ ಮಾಡಿದರೆ ಮೊದಲು ಉರುಳುವುದು ಸೀಮೆಸುಣ್ಣ. ಗುರುತ್ವ ಕೇಂದ್ರದಿಂದ ಕೆಳಗಿಳಿಯುವ ಲಂಬರೇಖೆ ತಳದೊಳಗೆ ಇರುವವರೆಗೆ ಮಾತ್ರ ವಸ್ತು ನಿಲ್ಲುತ್ತದೆ. ತಳ ಕಿರಿದಾದಷ್ಟೂ ಆ ರೇಖೆ ಬೇಗ ಹೊರಬೀಳುತ್ತದೆ.

ನಡೆಯುವಾಗ ಸಾಮಾನ್ಯವಾಗಿ ಮೊದಲು ನೆಲ ಮುಟ್ಟುವುದು ಹಿಮ್ಮಡಿ. ಆ ಕ್ಷಣ ಅದೊಂದೇ ಆ ಕಾಲಿಗೆ ಆಧಾರ. ಚಪ್ಪಲಿಯ ಹಿಮ್ಮಡಿಯ ಎತ್ತರ 8 ಸೆಂ.ಮೀ., ಭಾರ ಅದರ ನಡುವೆ ಬೀಳುತ್ತಿದೆ ಎಂದುಕೊಳ್ಳಿ. ತಳದ ಅಗಲ 1 ಸೆಂ.ಮೀ. ಇದ್ದರೆ ಸುಮಾರು 3.6 ಡಿಗ್ರಿ ವಾಲಿದೊಡನೆ ಭಾರದ ರೇಖೆ ಅಂಚು ದಾಟುತ್ತದೆ. ಅಗಲ 4 ಸೆಂ.ಮೀ. ಇದ್ದರೆ ಸುಮಾರು 14 ಡಿಗ್ರಿಯವರೆಗೆ ತಡೆಯುತ್ತದೆ. ನಿಮ್ಮ ತ್ರಿಕೋನಮಿತಿಯಿಂದಲೇ ಇದನ್ನು ಲೆಕ್ಕ ಹಾಕಬಹುದು. ನಿಜವಾದ ನಡಿಗೆಯಲ್ಲಿ ಸ್ನಾಯುಗಳ ನೆರವೂ ಇರುತ್ತದೆ. ಆದರೂ ಸಣ್ಣ ಕಲ್ಲೊಂದು 4 ಡಿಗ್ರಿ ವಾಲಿಸಲು ಸಾಕು.

ನಮ್ಮ ದೇಹರಚನೆಯೂ ಇಲ್ಲಿ ಪಾತ್ರ ವಹಿಸುತ್ತದೆ. ಪಾದದ ಕೀಲಿನಲ್ಲಿರುವ ಟಾಲಸ್ ಎಂಬ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಹಿಮ್ಮಡಿ ಮೇಲೆದ್ದಾಗ ಕಿರಿದಾದ ಭಾಗ ಕೀಲಿನೊಳಗೆ ಬಂದು ಹಿಡಿತ ಸಡಿಲವಾಗುತ್ತದೆ. ಆಗ ಪಾದ ಒಳಮುಖವಾಗಿ ಹೊರಳಿದರೆ ಕೀಲಿನ ಹೊರಬದಿಯ ಅಸ್ಥಿರಜ್ಜುಗಳು ಎಳೆದು ಹರಿಯಲೂಬಹುದು.

ಹಾಗಾದರೆ ಅಗಲವಾದ ಹಿಮ್ಮಡಿ ಇದ್ದರೆ ಎಷ್ಟು ಎತ್ತರವಾದರೂ ಸರಿಯೇ? ಅಲ್ಲ. ಅಗಲ ಪಕ್ಕಕ್ಕೆ ವಾಲುವುದನ್ನು ತಗ್ಗಿಸುತ್ತದೆ, ಅಷ್ಟೆ. ದೇಹದ ಭಾರ ಬೆರಳುಗಳ ಬುಡಕ್ಕೆ ಜಾರುವುದನ್ನು ಅದು ತಪ್ಪಿಸದು. ಬಹುಕಾಲದ ಬಳಕೆಯಿಂದ ಮೀನಖಂಡದ ಸ್ನಾಯು ಬಿಗಿಯಾಗುವುದನ್ನೂ ತಡೆಯದು. ಅದಕ್ಕೆ ಎತ್ತರವನ್ನೇ ಕಡಿಮೆ ಮಾಡಬೇಕು.

ಇದು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಕೆಲವು ಉದ್ಯೋಗಗಳಲ್ಲಿ ಮಹಿಳೆಯರಿಗೆ ಇಂಥ ಪಾದರಕ್ಷೆ ಕಡ್ಡಾಯವಾಗಿದ್ದುದುಂಟು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2017ರಲ್ಲಿ ನಿಯಮ ತಿದ್ದಿ, ಹೈಹೀಲ್ಡ್ ಧರಿಸಲೇಬೇಕೆಂದು ಮಾಲೀಕರು ಒತ್ತಾಯಿಸದಂತೆ ಮಾಡಿತು. ಜಾರಿ ಬೀಳುವ, ಕಾಲು ಉಳುಕುವ ಅಪಾಯವೇ ಅದಕ್ಕೆ ಕಾರಣ.

ವಿದ್ಯಾರ್ಥಿನಿಯರೇ, ಮುಂದಿನ ಬಾರಿ ಅಂಗಡಿಯಲ್ಲಿ ಚಪ್ಪಲಿಯನ್ನು ಕೈಗೆತ್ತಿಕೊಂಡಾಗ ಬಣ್ಣ, ಬೆಲೆಗಳ ಜೊತೆಗೆ ಅದನ್ನು ತಿರುಗಿಸಿ ತಳವನ್ನೂ ನೋಡಿ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ. ನಿಮ್ಮನ್ನು ಹೊರಬೇಕಾದದ್ದು ಆ ತಳವೇ.