ಗೋಡೆಯ ಗೀಟು, ಕ್ಯಾಲೆಂಡರಿನ ಸೊನ್ನೆ

ಹರಿಯುತ್ತಿರುವ ದತ್ತಾಂಶದ ನಡುವೆ ಗಣಕಯಂತ್ರಗಳು ಲೆಕ್ಕವಿಡುವ ಬಗೆಯನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕೇಳಿದಾಗ ಮೊದಲು ನೆನಪಾದದ್ದು ನಮ್ಮ ಹಳೆಯ ಮನೆಯ ಅಡಿಗೆಮನೆಯ ಗೋಡೆ. ಹಾಲಿನಾಕೆ ಬಂದು ಹೋದ ಮೇಲೆ ನಮ್ಮ ಅಜ್ಜಿ ಆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದರು. ತಿಂಗಳ ಕೊನೆಗೆ ಗೀಟುಗಳನ್ನು ಎಣಿಸಿ ಹಣ ಕೊಡುವುದು. ಅಜ್ಜಿ ಎಳೆದದ್ದನ್ನು ಅರಿಯದೆ ತಾಯಿಯೂ ಒಂದು ಗೀಟು ಎಳೆದರೆ ಒಂದು ದಿನವು ಎರಡು ದಿನವಾಗುತ್ತಿತ್ತು. ಇದರಿಂದ ಬೇಸತ್ತ ತಂದೆಯವರು ಒಂದು ಕ್ಯಾಲೆಂಡರನ್ನು ತೂಗುಹಾಕಿ, ಹಾಲು ಬಂದ ತಾರೀಖಿನ ಸುತ್ತ ಸೊನ್ನೆ ಸುತ್ತುವ ಪದ್ಧತಿಯನ್ನು ತಂದರು. ಒಂದೇ ತಾರೀಖಿಗೆ ಇಬ್ಬರಲ್ಲ, ಹತ್ತು ಮಂದಿ ಸೊನ್ನೆ ಸುತ್ತಿದರೂ ಅದು ಒಂದೇ ದಿನ. ಈ ಎರಡು ಪದ್ಧತಿಗಳ ಅಂತರವು ಒಬ್ಬನ ಅನ್ನದ ಪ್ರಶ್ನೆಯೂ ಆಗಬಲ್ಲುದೆಂಬುದನ್ನು ನಾನು ಅರಿತದ್ದು ಬಹಳ ವರ್ಷಗಳ ಮೇಲೆ.

ಹರಿವು ಎಂದರೇನು? ನೀವು ಫೋನಿನಲ್ಲಿ ಊಟ ತರಿಸಿಕೊಳ್ಳುತ್ತೀರಿ. ಬೇಡಿಕೆ ಬಂದಿತು, ಅಡಿಗೆ ಸಿದ್ಧವಾಯಿತು, ಹುಡುಗ ಹೊರಟ, ತಲುಪಿಸಿದ ಎಂದು ಹೆಜ್ಜೆಹೆಜ್ಜೆಗೂ ಒಂದೊಂದು ಚೀಟಿ ಹುಟ್ಟುತ್ತದೆ. ಇಂಥ ಸಹಸ್ರಾರು ಚೀಟಿಗಳನ್ನು ಬಂದ ಕ್ರಮದಲ್ಲಿಯೇ ಬರೆದಿಟ್ಟುಕೊಂಡು, ಬೇಕೆಂದವರಿಗೆ ಓದಲು ಕೊಡುವ ವ್ಯವಸ್ಥೆಯೊಂದು 2011ರಲ್ಲಿ ಎಲ್ಲರ ಬಳಕೆಗೆ ತೆರೆಯಿತು. ಅಮೆರಿಕದ ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜೇ ಕ್ರೆಪ್ಸ್ ಅದಕ್ಕೆ ಕಾಫ್ಕಾ ಎಂದು ಹೆಸರಿಟ್ಟರು. ಬರೆಯುವುದಕ್ಕೆಂದೇ ರೂಪಿಸಿದ ವ್ಯವಸ್ಥೆಗೆ ಬರಹಗಾರನ ಹೆಸರಿರಲಿ ಎಂಬುದು ಅವರು ಕೊಟ್ಟ ಕಾರಣ. ಕಚೇರಿಯಿಂದ ಕಚೇರಿಗೆ ಅಲೆಯುವ ಆತನ ನಾಯಕರನ್ನು ಬಲ್ಲ ಓದುಗರಿಗೆ ಬೇರೊಂದು ಕಾರಣವೂ ಹೊಳೆದೀತು.

ಚೀಟಿಗಳನ್ನು ಓದಿ ಮೊತ್ತ ತೆಗೆಯುವವನಿಗೆ ಒಂದು ಹಲಗೆ ಬೇಕು. ಬರೆಯಲು ತಡವಾಗದ ಹಲಗೆ. ಇದನ್ನು ಒದಗಿಸಿದವರು ಇಟಲಿಯ ಸಿಸಿಲಿ ದ್ವೀಪದ ಸಾಲ್ವತೋರೆ ಸಾನ್‌ಫಿಲಿಪ್ಪೊ. ವೆಬ್ ತಾಣಗಳಿಗೆ ಯಾರು ಬಂದು ಹೋದರೆಂಬುದನ್ನು ಆ ಕ್ಷಣವೇ ತೋರಿಸುವ ಸೇವೆಯೊಂದನ್ನು ಅವರು ನಡೆಸುತ್ತಿದ್ದರು. ಡಿಸ್ಕಿನ ಮೇಲೆ ಬರೆಯುವ ಸಾಮಾನ್ಯ ಡೇಟಾಬೇಸು ಆ ವೇಗಕ್ಕೆ ಒದಗಲಿಲ್ಲ. ಎಲ್ಲವನ್ನೂ ಮೆಮೊರಿಯಲ್ಲಿಯೇ ಇರಿಸಿಕೊಳ್ಳುವ ರೆಡಿಸ್ ಎಂಬ ಡೇಟಾಬೇಸನ್ನು ಅವರು 2009ರಲ್ಲಿ ಬಿಡುಗಡೆ ಮಾಡಿದರು. ಅದು ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ನಡೆಸುತ್ತದೆ. ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕದು. ಒಬ್ಬನೇ ಶಾನುಭೋಗನಿರುವ ಚಾವಡಿಯಂತೆ ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ, ಯಾರಾದರೊಬ್ಬರು ಇಡೀ ಕಡತವನ್ನು ಓದಿ ಹೇಳೆಂದು ಕೇಳುವವರೆಗೆ!

ಇಂಥ ಯಂತ್ರದಲ್ಲಿ ಆಜ್ಞೆಯನ್ನು ನಡೆಸುವ ಕಾಲಕ್ಕಿಂತ, ಆಜ್ಞೆ ತಂತಿಯ ಮೇಲೆ ಹೋಗಿ ಉತ್ತರ ಮರಳಿ ಬರುವ ಕಾಲವೇ ಎಷ್ಟೋ ಪಾಲು ಹೆಚ್ಚು. ಆದ್ದರಿಂದ, ಉಪ್ಪಿಗೊಮ್ಮೆ ಬೇಳೆಗೊಮ್ಮೆ ಅಂಗಡಿಗೆ ಓಡದೆ ಪಟ್ಟಿಯನ್ನೇ ಕಳುಹಿಸುವ ಗೃಹಿಣಿಯಂತೆ, ನೂರಾರು ಆಜ್ಞೆಗಳನ್ನು ಕಟ್ಟುಕಟ್ಟಾಗಿ ಕಳುಹಿಸುತ್ತಾರೆ. ಇದು ಜಾಣತನ. ಆದರೆ ಕಟ್ಟಿನಲ್ಲಿ ಅರ್ಧ ನಡೆದ ಮೇಲೆ ತಂತಿ ಕಡಿದರೆ? ಎಷ್ಟು ನಡೆಯಿತೆಂಬುದು ಕಳುಹಿಸಿದವನಿಗೆ ತಿಳಿಯದು. ಆತ ಕಟ್ಟನ್ನು ಪೂರ್ತಿಯಾಗಿ ಮತ್ತೆ ಕಳುಹಿಸುತ್ತಾನೆ. ಚೀಟಿ ಓದುವವನದೂ ಇದೇ ರೀತಿ. ಒಂದಷ್ಟು ಓದಿ, ಹಲಗೆಯ ಮೇಲೆ ಬರೆದು, ಇಲ್ಲಿಯವರೆಗೆ ಓದಿದೆನೆಂದು ಗುರುತಿಡುವುದು ಅವನ ಕೆಲಸ. ಬರೆದು, ಗುರುತಿಡುವ ಮುನ್ನ ಸತ್ತುಬಿದ್ದರೆ, ಎದ್ದವನು ಹಿಂದಿನ ಗುರುತಿನಿಂದಲೇ ತೊಡಗುತ್ತಾನೆ. ಪ್ರತಿ ಚೀಟಿಯೂ ಒಮ್ಮೆಯಾದರೂ ಓದಲ್ಪಡುತ್ತದೆಂಬ ಭರವಸೆ ಇದರಲ್ಲಿದೆ. ಒಮ್ಮೆ ಮಾತ್ರವೇ ಎಂಬುದು ಇಲ್ಲ. ಅಂಥ ಭರವಸೆಯನ್ನು ಕೊಡುವ ವ್ಯವಸ್ಥೆಗಳು ಬಂದಿವೆಯಾದರೂ, ಆ ಭರವಸೆ ಅವುಗಳ ಸ್ವಂತ ಲೆಕ್ಕಕ್ಕೆ ಸಲ್ಲುತ್ತದೆ. ಹೊರಗಿನ ಹಲಗೆಯ ಮೇಲೆ ಎಳೆದ ಗೀಟನ್ನು ಅವು ಅಳಿಸಲಾರವು.

2019ರಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಊಟದ ಪೊಟ್ಟಣಗಳನ್ನು ತಲುಪಿಸುವ ಹುಡುಗರಿಗೆ ದಿನಕ್ಕೆ 16 ಸುತ್ತು ಮುಗಿಸಿದರೆ ಕೂಲಿಯ ಮೇಲೊಂದು ಹೆಚ್ಚಳ ಕೊಡುವ ನಿಯಮವಿತ್ತು. ಆ ಸುತ್ತುಗಳ ಲೆಕ್ಕವನ್ನು ಬರೆದವನು ನಾನು. ತಲುಪಿತೆಂಬ ಚೀಟಿ ಬಂದೊಡನೆ ರೆಡಿಸ್‌ಗೆ ‘ಇನ್‌ಕ್ರಿಮೆಂಟ್’ ಆಜ್ಞೆ, ಅಂದರೆ ಒಂದು ಏರಿಸೆಂಬ ಅಪ್ಪಣೆ. ಅಜ್ಜಿಯ ಗೀಟು! ಒಂದು ಸಂಜೆ ಹರಿವಿನಲ್ಲಿ ಕೆಟ್ಟ ಚೀಟಿಯೊಂದು ಬಂದಿತು. ಓದುವ ಯಂತ್ರ ಅದರಲ್ಲಿ ಎಡವಿ ಬಿದ್ದಿತು; ಎದ್ದು, ಅದಕ್ಕೆ ಹಿಂದಿದ್ದ ಒಳ್ಳೆಯ ಚೀಟಿಗಳನ್ನು ಮತ್ತೆ ಏರಿಸಿ, ಮತ್ತೆ ಎಡವಿತು. ಒಬ್ಬ ಹುಡುಗನ 14ನೆಯ ಸುತ್ತು ಹೀಗೆ ಮೂರು ಸಲ ಎಣಿಕೆಯಾಗಿ, ಅವನ ಫೋನಿನಲ್ಲಿ 16 ಎಂದು ಮೂಡಿತು. ಅವನು ಸಂತೋಷದಿಂದ ಮನೆಗೆ ಹೋದ. ರಾತ್ರಿ ನಾವು ತಪ್ಪನ್ನು ಕಂಡುಹಿಡಿದು, ಲೆಕ್ಕವನ್ನು ಸರಿಪಡಿಸಿ, 14 ಎಂದು ತಿದ್ದಿದೆವು. ಸರಿಪಡಿಸಿದೆವೆಂಬ ಹೆಮ್ಮೆಯೂ ನಮಗಿತ್ತೆಂಬುದನ್ನು ಮರೆಮಾಚಲಾರೆ.

ಮರುದಿನ ಅವನು ಕಚೇರಿಯ ಬಾಗಿಲಿಗೆ ಬಂದು ನಿಂತ. ಮಾತನಾಡಿಸಲು ನನ್ನನ್ನೇ ಕಳುಹಿಸಿದರು. “ಹದಿನಾರು ಅಂತ ನೀವೇ ತೋರಿಸಿದ್ರಿ ಸಾರ್. ಇಲ್ಲದಿದ್ರೆ ಇನ್ನೆರಡು ಹೊಡೆದೇ ಮನೆಗೆ ಹೋಗ್ತಿದ್ದೆ,” ಎಂದ. ಉತ್ತರವಿರಲಿಲ್ಲ. ಅವನ ಆ ದಿನದ ಹೆಚ್ಚಳವನ್ನು ಕೊಡಿಸಲು ನಾನು ಮೂವರು ಅಧಿಕಾರಿಗಳ ಮುಂದೆ ನಿಲ್ಲಬೇಕಾಯಿತು, ಕೊಡಿಸಿದೆ.

ಆ ವಾರವೇ ಆಜ್ಞೆಯನ್ನು ಬದಲಾಯಿಸಿದೆ. ಪ್ರತಿಯೊಬ್ಬ ಹುಡುಗನಿಗೆ ದಿನಕ್ಕೊಂದು ಗಣ. ‘ಎಸ್-ಆಡ್’ ಎಂಬ ಆಜ್ಞೆಯಿಂದ ಅದರಲ್ಲಿ ತಲುಪಿಸಿದ ಪೊಟ್ಟಣದ ಸಂಖ್ಯೆಯನ್ನು ಸೇರಿಸುವುದು. ಗಣದಲ್ಲಿ ಒಂದು ಸಂಖ್ಯೆ ಒಮ್ಮೆ ಮಾತ್ರ ಇರಬಲ್ಲುದಾದ್ದರಿಂದ ಅದೇ ಚೀಟಿ ನೂರು ಸಲ ಬಂದರೂ ಬಾಧಕವಿಲ್ಲ. ಎಷ್ಟಿವೆಯೆಂದು ಕೇಳಲು ‘ಎಸ್-ಕಾರ್ಡ್’. ತಂದೆಯವರ ಕ್ಯಾಲೆಂಡರೇ ಸರಿ. ಬರಿಯ ಅಂಕೆಗಿಂತ ಇದು ಹೆಚ್ಚು ಮೆಮೊರಿಯನ್ನು ನುಂಗುತ್ತದೆ. ಆದ್ದರಿಂದ ಕೆಲವು ದಿನಗಳಾದ ಮೇಲೆ ತಾನೇ ಅಳಿಯುವಂತೆ ಅವಧಿಯನ್ನೂ ಗೊತ್ತುಪಡಿಸಬೇಕು. ಮಿತವ್ಯಯಿಯಾದ ಗೆಳೆಯನೊಬ್ಬ ಇದಕ್ಕಿಂತ ಅಗ್ಗದ ಉಪಾಯವನ್ನು ಸೂಚಿಸಿದ. ಫ್ರಾನ್ಸಿನ ಫಿಲಿಪ್ ಫ್ಲಾಜೊಲೆ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಹೈಪರ್‌ಲಾಗ್‌ಲಾಗ್ ಎಂಬ ವಿಧಾನ ರೆಡಿಸ್‌ನಲ್ಲಿದೆ. ಎಷ್ಟು ಕೋಟಿ ಬೇರೆಬೇರೆ ಹೆಸರುಗಳನ್ನು ಕೊಟ್ಟರೂ 12 ಕಿಲೋಬೈಟುಗಳಲ್ಲಿ ಅಂದಾಜು ಎಣಿಕೆಯನ್ನು ಹೇಳುತ್ತದೆ. ತಪ್ಪು ಸರಾಸರಿ 0.81 ಶೇಕಡ. ಅದರ ಆಜ್ಞೆಗಳು ಆ ವಿದ್ವಾಂಸರ ಗೌರವಾರ್ಥ ‘ಪಿ.ಎಫ್.’ ಎಂದು ಆರಂಭವಾಗುತ್ತವೆ. ನಮ್ಮ ನೌಕರರು ಭವಿಷ್ಯನಿಧಿಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಒಂದು ಪತ್ರಿಕೆಯನ್ನು ಎಷ್ಟು ಜನ ಓದಿದರೆಂದು ತಿಳಿಯಲು ಅದು ಸೊಗಸಾದ ವಿಧಾನ. ಕೂಲಿಯ ಲೆಕ್ಕಕ್ಕೆ ಅಂದಾಜು ಸಲ್ಲದೆಂದು ನಾನು ಒಪ್ಪಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಆ ಹುಡುಗ ಹೊರಡುವಾಗ ಇನ್ನೊಂದು ಪ್ರಶ್ನೆ ಕೇಳಿದ್ದ. “ಜಾಸ್ತಿ ತೋರಿಸಿದ್ದು ನಿಮಗೆ ಗೊತ್ತಾಯ್ತು ಸಾರ್. ಕಡಿಮೆ ತೋರಿಸಿದ್ರೆ ಯಾರಿಗೆ ಗೊತ್ತಾಗುತ್ತೆ?” ಮೆಮೊರಿಯಲ್ಲಿ ಇದ್ದದ್ದು ವಿದ್ಯುತ್ತು ಹೋದೊಡನೆ ಹೋಗುತ್ತದೆ. ಅದಕ್ಕೆಂದೇ ರೆಡಿಸ್‌ನಲ್ಲಿ ಎರಡು ದಾರಿಗಳಿವೆ: ಆಗಾಗ್ಗೆ ಇಡೀ ಹಲಗೆಯ ಪ್ರತಿ ತೆಗೆದಿಡುವುದು ಒಂದು, ಪ್ರತಿ ಆಜ್ಞೆಯನ್ನೂ ಒಂದು ಕಡತದಲ್ಲಿ ದಾಖಲಿಸುತ್ತ ಹೋಗುವುದು ಇನ್ನೊಂದು. ಎರಡನೆಯದರಲ್ಲಿ, ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸುವ ವಾಡಿಕೆಯಂತೆ, ಸುಮಾರು ಒಂದು ಸೆಕೆಂಡಿನ ಲೆಕ್ಕ ಹೋಗಬಹುದು. ನಾವು ಆರಿಸಿದ್ದು ಮೊದಲನೆಯದನ್ನು. ಯಂತ್ರ ನಿಂತರೆ ಕೊನೆಯ ಪ್ರತಿಯ ನಂತರದ ನಿಮಿಷಗಳೆಲ್ಲ ಮಾಯ. ಚೀಟಿ ಓದುವವನ ಗುರುತು ಮಾತ್ರ ಮುಂದೆ ಹೋಗಿಯಾಗಿದೆ.

ನಾನು ಕಾಫ್ಕಾದಲ್ಲಿ ಉಳಿದಿದ್ದ ಚೀಟಿಗಳನ್ನೆಲ್ಲ ಮೊದಲಿನಿಂದ ಎಣಿಸಿದೆ. ಇಬ್ಬರಿಗೆ ಹೆಚ್ಚಳ ತಪ್ಪಿತ್ತು. ಅವರಲ್ಲಿ ಈತನೂ ಒಬ್ಬ. ಆದರೆ ಆ ಚೀಟಿಗಳನ್ನು ನಾವು ಏಳು ದಿನ ಮಾತ್ರ ಇರಿಸಿಕೊಳ್ಳುತ್ತಿದ್ದೆವು. ಯಾರು ಯಾವುದನ್ನು ಒಯ್ದರೆಂಬ ವಿವರ ಬೇರೆಲ್ಲಿಯೂ ಇರಲಿಲ್ಲ. ಅದಕ್ಕೂ ಹಿಂದಿನ ತಿಂಗಳುಗಳ ಲೆಕ್ಕ ಸಿಗದೆಂದು ಅವನಿಗೆ ನಾನೇ ಫೋನು ಮಾಡಿ ತಿಳಿಸಿದೆ. “ಆಯ್ತು ಸಾರ್,” ಎಂದ. ಹಿಂದಿನಿಂದ ಹಾರನ್ನುಗಳ ಸದ್ದು ಕೇಳುತ್ತಿತ್ತು, ಅವನು ದಾರಿಯಲ್ಲಿದ್ದ.