ಪ್ರಿಂಟರಿನ ಬಾಯಿ ಕಟ್ಟಿದರೆ ಏನು ಮಾಡಬೇಕು?

(ಹಾಲು ಉತ್ಪಾದಕರ ಸಂಘದ ಆವರಣದಲ್ಲಿ ಕೂಡಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗೊಬ್ಬರ, ಬೀಜೋಪಚಾರ ಎಂದು ಮಾತಾಡುವ ಗ್ರಾಮಸೇವಕ ಇಂದು ಪ್ರಿಂಟರಿನ ವಿಷಯ ಎತ್ತಿದನಲ್ಲ ಎಂದು ನಿಮಗೆ ಸೋಜಿಗವಾಗಬಹುದು. ಆದರೆ ಪಹಣಿಯ ಪ್ರತಿಗೂ, ಬೆಳೆವಿಮೆಯ ಅರ್ಜಿಗೂ, ಮಕ್ಕಳ ವಿದ್ಯಾರ್ಥಿವೇತನದ ಕಾಗದಕ್ಕೂ ಈಗ ಪ್ರಿಂಟರ್ ಬೇಕು. ಹಾಲಿನ ಸಂಘದಲ್ಲಿ ಒಂದು, ಶಾಲೆಯಲ್ಲಿ ಒಂದು, ಹೆಣ್ಣುಮಕ್ಕಳ ಸಂಘದವರು ಸಾಲ ಮಾಡಿ ತಂದದ್ದು ಒಂದು, ಹೀಗೆ ಊರಿನಲ್ಲಿ ಎರಡು ಮೂರಾದರೂ ಇರುತ್ತವೆ. ಅದು ಅಕ್ಷರ ನುಂಗತೊಡಗಿದರೆ ಕೆಟ್ಟುಹೋಯಿತೆಂದು ಮೂಲೆಗೆ ತಳ್ಳುತ್ತೇವೆ. ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ. ಬಾಯಿ ಕಟ್ಟಿರುತ್ತದೆ, ಅಷ್ಟೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕಳೆದ ಮುಂಗಾರಿನಲ್ಲಿ ಬೆಳೆವಿಮೆಯ ಕೊನೆಯ ದಿನಗಳು. ನಾನು ಕೆಲಸ ಮಾಡುತ್ತಿದ್ದ ಕಡೆ ಪ್ರಿಂಟರಿನ ಕಪ್ಪು ಶಾಯಿ ನಿಂತುಹೋಯಿತು. ಜನ ಸಾಲಾಗಿ ನಿಂತಿದ್ದರು. ಅವಸರದಲ್ಲಿ ಶುಚಿ ಮಾಡುವ ಗುಂಡಿಯನ್ನು ಒಂದರ ಮೇಲೊಂದು ಹತ್ತು ಸಲ ಒತ್ತಿದೆ. ಶಾಯಿ ಖಾಲಿಯಾಯಿತೇ ಹೊರತು ಅಕ್ಷರ ಬರಲಿಲ್ಲ. ಕಡೆಗೆ ಗುಂಡುಸೂಜಿ ತೆಗೆದುಕೊಂಡು ಹೆಡ್ಡನ್ನು ಚುಚ್ಚಿದೆ. ಅಲ್ಲಿಗೆ ಅದರ ಕಥೆ ಮುಗಿಯಿತು. ಜನ ಕೂಲಿ ಬಿಟ್ಟು ಬಸ್ಸು ಹಿಡಿದು ತಾಲ್ಲೂಕು ಪೇಟೆಗೆ ಹೋಗಬೇಕಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನನಗೇ ಹೇಳಿದಂತಿತ್ತು. ಆಮೇಲೆ ಬಲ್ಲವರಲ್ಲಿ ಕೇಳಿ, ಓದಿ, ಮಾಡಿ ನೋಡಿ ಕಲಿತದ್ದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಪ್ರಿಂಟರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಪುಡಿಯಿಂದ ಅಚ್ಚು ಮಾಡುವ ಲೇಸರ್ ಒಂದು. ಶಾಯಿಯ ಹನಿ ಚಿಮ್ಮಿಸುವ ಇಂಕ್‌ಜೆಟ್ ಇನ್ನೊಂದು. ನನ್ನ ಮಾತು ಎರಡನೆಯದಕ್ಕೆ ಮಾತ್ರ ಸಲ್ಲುತ್ತದೆ. ಅದರ ಹೆಡ್ಡು ನಿಮ್ಮ ಔಷಧಿ ಸಿಂಪಡಿಸುವ ಪಂಪಿನ ನಾಜಲ್ ಇದ್ದಂತೆ. ಪಂಪಿಗೆ ಒಂದೋ ಎರಡೋ ತೂತು; ಇದಕ್ಕೆ ನೂರಾರು. ಒಂದೊಂದು ತೂತೂ ಸುಮಾರು 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು. ನಮ್ಮ ತಲೆಗೂದಲೇ ಅದರ ಮೂರರಷ್ಟು ದಪ್ಪವಿರುತ್ತದೆ. ಇಷ್ಟು ಹೇಳಿದ ಮೇಲೆ ಸೂಜಿ ಏಕೆ ಕೂಡದೆಂದು ಬೇರೆ ಹೇಳಬೇಕಾಗಿಲ್ಲ.

ಶಾಯಿಯಲ್ಲಿ ಬಹುಪಾಲು ನೀರೇ. ನೀರು ಆರಿದರೆ ಬಣ್ಣ ಬಾಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಹೀಗಾಗಲು ಕಾರಣಗಳು ಮುಖ್ಯವಾಗಿ ನಾಲ್ಕು: ವಾರಗಟ್ಟಲೆ ಕೆಲಸವಿಲ್ಲದೆ ಬಿಡುವುದು, ಸೆಕೆ ಮತ್ತು ಧೂಳು, ಯಂತ್ರಕ್ಕೆ ಹೊಂದದ ಶಾಯಿ, ಕೆಲಸದ ನಡುವೆ ಕರೆಂಟು ಹೋಗುವುದು. ನಾಲ್ಕನೆಯದನ್ನು ಬಿಡಿಸಿ ಹೇಳಬೇಕು. ಕೆಲಸ ಮುಗಿದ ಮೇಲೆ ಹೆಡ್ಡು ತನ್ನ ಮೂಲೆಗೆ ಹೋಗಿ ರಬ್ಬರಿನ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ಚನ್ನು ದಿಢೀರನೆ ಆರಿಸಿದರೂ, ಕರೆಂಟು ಹೋದರೂ, ಅದು ನಡುದಾರಿಯಲ್ಲಿ ಬಾಯಿ ತೆರೆದುಕೊಂಡೇ ನಿಲ್ಲುತ್ತದೆ. ಒಂದು ರಾತ್ರಿ ಹಾಗೆ ಬಿಟ್ಟರೂ ಶಾಯಿ ಆರಬಹುದು.

ಈಗ ಸರಿಪಡಿಸುವ ಕ್ರಮ.

ಮೊದಲನೆಯದಾಗಿ ಟ್ಯಾಂಕಿನಲ್ಲಿ ಶಾಯಿ ಕೆಳಗೆರೆಗಿಂತ ಮೇಲಿದೆಯೇ ನೋಡಿ. ಅನಂತರ ನಾಜಲ್ ಪರೀಕ್ಷೆಯ ಹಾಳೆ ತೆಗೆಯಿರಿ. ಗೆರೆಗಳು ಎಲ್ಲಿ ಕಡಿದಿವೆಯೋ ಅಲ್ಲಿ ತೊಂದರೆ. ಪ್ರತಿ ಹಾಳೆಯಲ್ಲೂ ಅದೇ ಜಾಗದಲ್ಲಿ ಕಡಿದಿದ್ದರೆ ಸಾಮಾನ್ಯವಾಗಿ ಬಾಯಿ ಕಟ್ಟಿದೆ ಎಂದು ಅರ್ಥ. ಕಡಿತ ಜಾಗ ಬದಲಿಸುತ್ತಿದ್ದರೆ ಒಳಗೆ ಗಾಳಿ ಸೇರಿರಬಹುದು.

ಎರಡನೆಯದಾಗಿ ಯಂತ್ರದಲ್ಲಿಯೇ ಇರುವ ಹೆಡ್ ಕ್ಲೀನಿಂಗ್ ಒಂದು ಸಲ ಮಾಡಿ, ಮತ್ತೆ ಹಾಳೆ ತೆಗೆದು ನೋಡಿ. ಎರಡು ಮೂರು ಸಲಕ್ಕೂ ಸರಿಹೋಗದಿದ್ದರೆ ನಿಲ್ಲಿಸಿ. ಯಂತ್ರವನ್ನು ಆರಿಸಿ 12 ಗಂಟೆ ಸುಮ್ಮನೆ ಬಿಡಿ. ಗಟ್ಟಿಯಾದ ಶಾಯಿ ಮುಚ್ಚಳದ ತೇವದಲ್ಲಿ ಮೆತ್ತಗಾಗುತ್ತದೆ. ಗಾಳಿಯ ಗುಳ್ಳೆಯೂ ಮೇಲೇರುತ್ತದೆ. ಎಷ್ಟೋ ಸಲ ಈ ಒಂದು ರಾತ್ರಿಯ ವಿಶ್ರಾಂತಿಯೇ ಮದ್ದು. ಶುಚಿ ಮಾಡಿದಾಗಲೆಲ್ಲ ಶಾಯಿ ತಳದ ಹೀರುಪಟ್ಟಿಗೆ ಸೇರುತ್ತದೆ. ಆ ಪಟ್ಟಿ ತುಂಬಿದರೆ ಯಂತ್ರವೇ ನಿಂತುಬಿಡುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯದು ನೀರಿನ ಉಪಚಾರ. ಗ್ಯಾರಂಟಿ ಇನ್ನೂ ಇದ್ದರೆ ಇದಕ್ಕೆ ಕೈಹಾಕದೆ ಕಂಪನಿಯವರನ್ನು ಕರೆಸುವುದು ಮೇಲು. ಹೆಡ್ಡು ಶಾಯಿಯ ಡಬ್ಬಿಗೇ ಅಂಟಿಕೊಂಡಿರುವ ಮಾದರಿಯಾದರೆ, ತಟ್ಟೆಯಲ್ಲಿ ಒಂದೆರಡು ಮಿಲಿಮೀಟರ್ ಆಳ ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್ ಹಾಕಿ. ಬಾಯಿ ಕೆಳಗಾಗುವಂತೆ ಐದು ನಿಮಿಷ ಇಟ್ಟು, ನೂಲು ಬಿಡದ ಬಟ್ಟೆಯ ಮೇಲೆ ಮೆಲ್ಲಗೆ ಒತ್ತಿ ತೆಗೆಯಿರಿ, ಉಜ್ಜಬೇಡಿ. ತಾಮ್ರದ ಚುಕ್ಕೆಗಳಿಗೆ ನೀರು ತಾಗಕೂಡದು. ತಾಗಿದರೆ ಪೂರ್ಣ ಆರಿದ ಮೇಲೆಯೇ ಹಾಕಬೇಕು. ಹೆಡ್ಡು ಯಂತ್ರದಲ್ಲಿಯೇ ನೆಲೆಯಾಗಿರುವ ಮಾದರಿಯಾದರೆ, ಅದು ನಡುವಿಗೆ ಬಂದಾಗ ಪ್ಲಗ್ಗು ಕಿತ್ತು, ನೀರಿನಲ್ಲಿ ತೇವಮಾಡಿದ ಮೆತ್ತನೆಯ ಕಾಗದವನ್ನು ಅದರ ಕೆಳಗೆ ಸರಿಸಿ, ಹೆಡ್ಡನ್ನು ಕೈಯಿಂದ ಹಗುರವಾಗಿ ಅದರ ಮೇಲೆ ತಂದು ಕೆಲವು ಗಂಟೆ ಬಿಡಿ. ಕಾಗದ ತೇವವಾಗಿರಬೇಕು, ನೀರು ತೊಟ್ಟಿಕ್ಕಬಾರದು. ರಬ್ಬರಿನ ಮುಚ್ಚಳದಲ್ಲಿ ಕೊಳೆ ಕಟ್ಟಿದ್ದರೆ ಅದನ್ನೂ ಒರೆಸಿ. ಕಾಗದ ತೆಗೆದ ಮೇಲೆಯೇ ಪ್ಲಗ್ಗು ಹಾಕಿ, ಒಂದು ಸಲ ಶುಚಿಮಾಡಿ ನೋಡಿ.

ಬೋರ್‌ವೆಲ್ಲಿನ ನೀರು ಸಾಲದೆ ಎಂದು ನೀವು ಕೇಳಬಹುದು. ಸಾಲದು. ನೀರು ಕಾಯಿಸುವ ಹಂಡೆಯಲ್ಲಿ ಬಿಳಿಯ ಹೊಟ್ಟು ಕಟ್ಟುವುದನ್ನೂ, ಹನಿ ನೀರಾವರಿಯ ತೂತುಗಳನ್ನು ಸುಣ್ಣ ಮುಚ್ಚುವುದನ್ನೂ ನೀವು ಕಂಡವರೇ. ಅದೇ ಸುಣ್ಣ ಇಲ್ಲಿಯೂ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅಲ್ಲಿ ಆಸಿಡ್ಡಿನ ಡಬ್ಬಿಯೂ ಪಕ್ಕದಲ್ಲಿಯೇ ಇರುತ್ತದೆ, ಚೀಟಿ ಓದಿ ತನ್ನಿ. ಸ್ಪಿರಿಟ್ಟು, ಸೀಮೆಎಣ್ಣೆ, ಸೋಪಿನ ನೀರು ಸುರಿಯಬೇಡಿ. ಪಂಚರ್ ಅಂಗಡಿಯ ಗಾಳಿ ಹಾಯಿಸಬೇಡಿ.

ಇಷ್ಟಾದರೂ ಒಂದು ಬಣ್ಣ ಅದೇ ಜಾಗದಲ್ಲಿ ಬಾರದಿದ್ದರೆ ಹೆಡ್ಡು ಸುಟ್ಟಿರಲೂಬಹುದು. ಆಗ ರಿಪೇರಿಯವರಿಗೆ ತೋರಿಸುವುದೇ ಸರಿ; ನಮ್ಮ ಕೈಚಳಕ ಅಲ್ಲಿಗೆ ಸಾಕು.

ರೋಗ ಬಂದ ಮೇಲೆ ಮದ್ದಿಗಿಂತ ಬಾರದಂತೆ ಕಾಯುವುದು ಲೇಸು. ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಇರುವ ಒಂದು ಹಾಳೆ ತೆಗೆಯಿರಿ. ಸಂತೆಯ ದಿನವೆಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಯಂತ್ರದ ಗುಂಡಿಯಿಂದಲೇ ಆರಿಸಿ, ಅನಂತರ ಗೋಡೆಯ ಸ್ವಿಚ್ಚು. ನಡುವೆ ಕರೆಂಟು ಹೋದರೆ, ಬಂದೊಡನೆ ಒಮ್ಮೆ ಹಚ್ಚಿ ಹೆಡ್ಡು ಮೂಲೆಗೆ ಸೇರಲು ಬಿಡಿ. ಧೂಳಿಗೆ ಒಂದು ಬಟ್ಟೆ ಮುಚ್ಚಿ.

ಕೊನೆಗೊಂದು ಮಾತು. ಪಂಪಿನ ನಾಜಲ್ ಕಟ್ಟಿದಾಗಲೂ ತಂತಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾಗಿ ಔಷಧಿ ಪೋಲಾಗುತ್ತದೆ. ಬಾಯಿಂದಂತೂ ಊದಲೇಕೂಡದು, ವಿಷ ಒಳಗೆ ಹೋಗುತ್ತದೆ. ನೀರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಅಲ್ಲಿಯೂ ಇಲ್ಲಿಯೂ ಪಾಠ ಒಂದೇ: ಬಲ ಬೇಡ, ನೆನೆಸಿ ಕಾಯಬೇಕು.

ಮೂಲೆಗೆ ತಳ್ಳಿದ ಪ್ರಿಂಟರ್ ಯಾರಲ್ಲಾದರೂ ಇದ್ದರೆ ಎಸೆಯುವ ಮುನ್ನ ಹೇಳಿಕಳುಹಿಸಿ. ನಾನು ಬರುತ್ತೇನೆ, ಸೂಜಿ ತರುವುದಿಲ್ಲ.